ಮೂರನೇ ಅಕ್ಕನ ಹಾಜರಿ

ನಮ್ಮ ಬಳಗ ಹುಟ್ಟಿದ್ದು ನನ್ನದೊಂದು ತಪ್ಪಿನಿಂದ. ದಾವಣಗೆರೆಯ ಪರಿಶಿಷ್ಟ ಜಾತಿ ಹೆಣ್ಣುಮಕ್ಕಳ ಹಾಸ್ಟೆಲಿಗೆ ಸೇರಿದ ಮೊದಲ ಸಂಜೆ ವಾರ್ಡನ್ ಹಾಜರಿ ಕೂಗಿದಾಗ ರೂಢಿಬಲದಿಂದ “ಪ್ರೆಸೆಂಟ್, ಸಿಸ್ಟರ್” ಅಂದುಬಿಟ್ಟೆ. ಅವ್ವ ಕಾನ್ವೆಂಟಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಅಲ್ಲಿನ ಸಿಸ್ಟರುಗಳ ದಯೆಯಿಂದ ನಾನು ಅಲ್ಲೇ ಓದಿದವಳು. ಪಕ್ಕದಲ್ಲಿದ್ದ ಲೋಕಿಕೆರೆ ಹುಡುಗಿ, “ಸಿಸ್ಟರ್ ಅಂದ್ರೆ ಅಕ್ಕ ಅಲ್ಲೇನು? ಆಯಮ್ಮ ಯಾವಾಗ ನಿನಗೆ ಅಕ್ಕ ಆದ್ಲು? ಅಕ್ಕ ಬೇಕಂದ್ರೆ ನಾನಿಲ್ವಾ?” ಅಂದಳು.

ಅವತ್ತಿನಿಂದ ನಮ್ಮ ರೂಮಿನ ಐವರೂ ಮಂಚದ ಸಾಲಿನ ಪ್ರಕಾರ ಹಾಜರಿ ಕೂಗಿಕೊಳ್ಳತೊಡಗಿದೆವು. ವಯಸ್ಸಿನ ಲೆಕ್ಕವಿಲ್ಲ, ಎಲ್ಲರೂ ಅಕ್ಕ. ಯಾರಿಗೆ ಪುಸ್ತಕವಿಲ್ಲ, ಯಾರನ್ನು ಓದು ಬಿಡಿಸಿ ಮದುವೆಗೆ ಎಳೆದೊಯ್ಯುತ್ತಾರೆ, ಎಲ್ಲ ಆ ಹಾಜರಿಯಲ್ಲೇ ತಿಳಿಯುತ್ತಿತ್ತು. ಲೋಕಿಕೆರೆಯವಳು ಮೊದಲನೆಯವಳು, ನಾನು ಮೂರನೆಯವಳು.

ಈಗ ಬಳಗ ಹರಿಹರದಲ್ಲೂ ಇದೆ. ವರ್ಷಕ್ಕೊಮ್ಮೆ ಸಭೆಯಲ್ಲಿ ಮೊದಲ ಐವರ ಹಾಜರಿ ಕೂಗುತ್ತಾರೆ. ಬಾರದವಳಿಗೆ ಉಳಿದವರು “ಬರ್ತಾಳೆ” ಅನ್ನಬೇಕು. ಏಳು ವರ್ಷದಿಂದ ನನಗೆ ಹಾಗೇ ಅನ್ನುತ್ತಿದ್ದರು.

ಕಾರಣ ಬಾಡಿಗೆ ಮನೆ. ಎಸ್.ಎಸ್. ಬಡಾವಣೆಯಲ್ಲಿ ಮನೆ ಕೇಳಲು ಹೋದಾಗ ಓನರಮ್ಮ, “ನೀವು ಯಾವ ಪೈಕಿ ಆದ್ರಿ?” ಅಂದಿದ್ದರು. “ಚಿತ್ರದುರ್ಗದ ಕಡೆಯೋರು,” ಅಂದರು ನನ್ನ ಯಜಮಾನರು. ಜಾತಿ ಕೇಳಿದರೆ ಊರು ಹೇಳಿದ ಆ ಉತ್ತರದೊಳಗೇ ನಾವು ವಾಸವಿದ್ದೆವು. ಓನರಮ್ಮ ಅಕ್ಕರೆಯವರು. ಮಹಡಿಯಿಂದ ಡಬ್ಬಿ ಬರುತ್ತಿತ್ತು, ನಮ್ಮಲ್ಲಿಂದ ಹೋಗುತ್ತಿತ್ತು. ಯಾವುದೂ ಖಾಲಿ ವಾಪಸಾಗುವಂತಿಲ್ಲ. ಏನಿಲ್ಲದಿದ್ದರೆ ಒಂದು ಚಮಚ ಸಕ್ಕರೆ.

ಈ ವರ್ಷ ಸಭೆ ಹರಿಹರದಲ್ಲಿ. ಮೊದಲನೇ ಅಕ್ಕ ಫೋನ್ ಮಾಡಿದಳು. “ಎರಡನೆಯೋಳು ಬರಂಗಿಲ್ಲ, ಸತ್ತು ಹೋದ್ಲು. ನಿನಗೇನಾಗೈತೆ?”

“ಹೋಗು. ಹಿಂದೆ ಕೂತು ಬಾ. ಬಾಯಿ ಬಿಡಬ್ಯಾಡ,” ಅಂದರು ಯಜಮಾನರು.

ಗೇಟಿನಲ್ಲೇ ಓನರಮ್ಮ ಹಿಡಿದರು. “ಹರಿಹರಕ್ಕೇನ್ರಿ? ನಡೀರಿ, ನಾನೂ ತಂಗಿ ಮನಿಗೆ ಹೋಗೋದೈತೆ.” ಬಸ್ಸಿನಲ್ಲಿ ನನ್ನ ಕೋಡುಬಳೆ ತಿಂದು, ಉಳಿದದ್ದನ್ನು ಮೊಮ್ಮಗನಿಗೆ ಅಂತ ಡಬ್ಬಿ ಸಮೇತ ಚೀಲಕ್ಕೆ ಹಾಕಿಕೊಂಡರು. ತಂಗಿಯ ಮನೆಗೆ ಬೀಗ. “ಇರ್ಲಿ ಬಿಡ್ರಿ, ನಿಮ್ಮ ಫಂಕ್ಷನ್ನೇ ನೋಡಾಣ.”

ಬೇಡವೆನ್ನಲು ನೆಪ ಹೊಳೆಯಲಿಲ್ಲ. ಸಭಾಂಗಣದ ಬ್ಯಾನರಿನಲ್ಲಿ ಹಾಸ್ಟೆಲಿನ ಹೆಸರು, ವೇದಿಕೆಯಲ್ಲಿ ನೀಲಿ ಕೋಟಿನ ದೊಡ್ಡ ಫೋಟೊ. ಬಾಗಿಲಲ್ಲಿ ಅವರ ಕಾಲು ನಿಂತಿತು.

“ಇವರ ಫಂಕ್ಷನ್ನೇನ್ರಿ? ಕರೆದ್ರು ಅಂತ ಬಂದೀರಿ. ಒಳ್ಳೇ ಮನಸ್ಸು ನಿಮ್ದು.”

ಕುರ್ಚಿಯ ಅಂಚಿನಲ್ಲಿ ಕೂತರು. ಶರಬತ್ತು ಬಂದಾಗ “ನಂಗೆ ಶುಗರ್ ಐತೆ, ಬ್ಯಾಡ” ಅಂದರು. ನಮ್ಮ ಮನೆಯ ಚಹಕ್ಕೆ ಎರಡು ಚಮಚ ಸಕ್ಕರೆ ಕೇಳಿ ಹಾಕಿಸಿಕೊಳ್ಳುವವರು. ನಾನು ಎರಡು ಲೋಟ ತೆಗೆದುಕೊಂಡೆ. ಒಂದು ಕುಡಿದೆ, ಇನ್ನೊಂದು ಕೈಯಲ್ಲೇ ಬೆಚ್ಚಗಾಯಿತು.

ಮೊದಲನೇ ಅಕ್ಕ ಮಾತಾಡಿದಳು. ಅಮೆರಿಕದ ಕಾಲೇಜುಗಳಲ್ಲಿ ಕಪ್ಪು ಹುಡುಗಿಯರೂ ಹಿಂದೆ ಹೀಗೇ ಬಳಗ ಕಟ್ಟಿಕೊಂಡಿದ್ದರಂತೆ. “ನಾವು ನಕಲು ಮಾಡಿಲ್ಲ ಮತ್ತೆ! ನಮಗೆ ಗೊತ್ತೇ ಇದ್ದಿಲ್ಲ,” ಅಂದಾಗ ಎಲ್ಲರೂ ನಕ್ಕರು. ಆಮೇಲೆ ಅವಳೇ ಹಾಜರಿ ಶುರು ಮಾಡಿದಳು.

“ಎರಡನೇ ಅಕ್ಕ.” ಇಡೀ ಸಭೆ ಎದ್ದು ಅವಳ ಪರವಾಗಿ “ಪ್ರೆಸೆಂಟ್” ಅಂದಿತು. ಎಲ್ಲರೂ ಎದ್ದದ್ದರಿಂದ ನಾನೂ ಎದ್ದೆ, ಕೂತೆ.

“ಮೂರನೇ ಅಕ್ಕ.”

ಅವಳು ನನ್ನತ್ತ ನೋಡಲಿಲ್ಲ. ಮನೆ, ಯಜಮಾನರ ಮುಖ, ಪಕ್ಕದಲ್ಲಿ ಓನರಮ್ಮನ ಚೀಲ. ಮುಂದಿನ ಸಾಲಿನಲ್ಲಿ ಯಾರೋ “ಬರ್ತಾ...” ಅಂತ ಶುರು ಮಾಡಿದರು. ಸತ್ತವಳು ಬಂದಳು, ಬದುಕಿರುವವಳು ಇನ್ನೂ ಬರುತ್ತಲೇ ಇದ್ದಾಳೆ.

ಎದ್ದೆ. “ಪ್ರೆಸೆಂಟ್, ಸಿಸ್ಟರ್.”

“ಇನ್ನೂ ಸಿಸ್ಟರ್ರೇ ಏನೇ!” ಲೋಕಿಕೆರೆಯವಳು ವೇದಿಕೆಯಿಂದಲೇ ಕೂಗಿದಳು. ನಗುವಿನ ಮಧ್ಯೆ ಕುರ್ಚಿ ಸರಿದ ಸದ್ದು ಕೇಳಿತು. ತಿರುಗಿದರೆ ಪಕ್ಕದ ಕುರ್ಚಿ ಖಾಲಿ.

ಮೂರನೇ ದಿನ ನಮ್ಮ ಡಬ್ಬಿ ಗೇಟಿಗೆ ತೂಗುತ್ತಿತ್ತು. ಚೆನ್ನಾಗಿ ತೊಳೆದಿತ್ತು. ಮುಚ್ಚಳ ತೆಗೆದೆ, ಒಂದು ಹರಳು ಸಕ್ಕರೆಯೂ ಇಲ್ಲ.

“ಬೇರೆ ಮನೆ ನೋಡಾಣೇನು?” ಅಂದರು ಯಜಮಾನರು.

“ಮನೆ ಬಿಡ್ರಿ ಅಂತ ಅವರೇ ಬಾಯಿಬಿಟ್ಟು ಹೇಳಲಿ. ಯಾಕೆ ಅಂತ ಕೇಳ್ತೀನಿ,” ಅಂದೆ. ಆ ಡಬ್ಬಿಗೆ ಶೇಂಗಾ ಚಟ್ನಿಪುಡಿ ತುಂಬಿ, ಮೊದಲನೇ ಅಕ್ಕನ ಮನೆಗೆ ಹೊರಟೆ.