ಶುಕ್ರವಾರದ ವಿದ್ಯಾರ್ಥಿ

ಗಲ್ಫಿನಲ್ಲಿ, ಅಬ್ಬಾಸಿಯಾದ ಶಾಲೆಯೊಂದರಲ್ಲಿ ನಾನು ಗಣಿತ ಹೇಳಿಕೊಡುತ್ತಿದ್ದ ಕಾಲ. ನನ್ನ ಜೊತೆ ಕೋಣೆ ಹಂಚಿಕೊಂಡಿದ್ದವರು ಅದೇ ಶಾಲೆಯ ವಿಜ್ಞಾನದ ಮೇಷ್ಟ್ರು, ಪುತ್ತೂರು ಕಡೆಯ ಬ್ಯಾರಿ. ಒಂದು ರಜೆಯಲ್ಲಿ ನಾನು ಕೆಳಗಿನ ಅಂಗಡಿಯಿಂದ ಇಂಗ್ಲಿಷ್ ಧಾರಾವಾಹಿಯೊಂದರ ಡಿವಿಡಿ ತಂದೆ. ಸಂಬಳ ಸಾಲದ ಒಬ್ಬ ಮೇಷ್ಟ್ರು ಗುಟ್ಟಾಗಿ, ದುಡ್ಡಿಗೆ ಹೆಂಗಸರ ಜೊತೆಗಾರನಾಗಿ ಹೋಗುವ ಕಥೆ. ನಗಿಸುವ ಧಾರಾವಾಹಿಯೇ. ಆದರೆ ನನಗೆ ನಗುವಿಗಿಂತ ಕುತೂಹಲ ಹೆಚ್ಚಾಯಿತು. ಮರುದಿನ ಬೆಳಿಗ್ಗೆ ಈತ ತರಗತಿಯಲ್ಲಿ ಯಾವ ಮುಖ ಇಟ್ಟುಕೊಂಡು ಹಾಜರಿ ಕರೆಯುತ್ತಾನೆ? ಮಕ್ಕಳಿಗೆ ಗೊತ್ತಾಗುವುದಿಲ್ಲವೇ?

ಅದನ್ನು ನೋಡಿದ ಮೇಲೆ ನನ್ನ ಕಣ್ಣು ಕೋಣೆಯ ಗೆಳೆಯರ ಮೇಲೆ ಬಿತ್ತು. ಪ್ರತಿ ಶುಕ್ರವಾರ ಜುಮಾ ನಮಾಜು ಮುಗಿಸಿ ಬಂದು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಅತ್ತರು ಹಚ್ಚಿ, ಸಾಲ್ಮಿಯಾದ ಬಸ್ಸು ಹತ್ತುತ್ತಿದ್ದರು. ಎಲ್ಲಿಗೆ ಎಂದರೆ ‘ಒಂದು ಕೆಲಸ ಉಂಟು’ ಎಂದಷ್ಟೇ ಹೇಳುತ್ತಿದ್ದರು. ಟ್ಯೂಷನ್ ಇರಬಹುದೆಂದರೆ, ಪುಸ್ತಕ ಒಯ್ಯುತ್ತಿರಲಿಲ್ಲ. ಮೂರು ವಾರ ಸುಮ್ಮನಿದ್ದೆ. ನಾಲ್ಕನೆಯ ವಾರ ಧಾರಾವಾಹಿಯ ಕಥೆ ಹೇಳಿ, ಮೆಲ್ಲಗೆ ವಿಷಯಕ್ಕೆ ಬಂದೆ.

ಅವರು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. “ನಾನು ಹೋಗುವುದೂ ಜೊತೆಗೆ ಕೂತುಕೊಳ್ಳಲಿಕ್ಕೇ ಮಾರಾಯ್ರೆ. ಬನ್ನಿ, ನೋಡುವಿರಂತೆ” ಎಂದರು.

ಸಾಲ್ಮಿಯಾದ ಆ ಫ್ಲ್ಯಾಟಿನ ಬಾಗಿಲು ತೆಗೆದವರು ದಂತವೈದ್ಯೆಯೊಬ್ಬರು, ಮಂಡ್ಯ ಕಡೆಯವರು. ಅವರ ತಂದೆ ಊರಿನಲ್ಲಿ ಕನ್ನಡ ಪಂಡಿತರಾಗಿದ್ದವರು. ಈಗ ನೆನಪು ಕಳಚಿಹೋಗಿತ್ತು. ಮಗಳನ್ನೇ ‘ನೀವ್ಯಾರಮ್ಮ’ ಎಂದು ಕೇಳುತ್ತಿದ್ದರಂತೆ. ಶಾಲೆಗೆ ಹೊತ್ತಾಯಿತೆಂದು ದಿನವೂ ಬಾಗಿಲು ಬಡಿಯುತ್ತಿದ್ದರಂತೆ. ಹಲ್ಲು ತೋರಿಸಲು ಹೋಗಿದ್ದ ನನ್ನ ಗೆಳೆಯರನ್ನು ಆಕೆ ಕೇಳಿಕೊಂಡಿದ್ದರು: ವಾರಕ್ಕೊಮ್ಮೆ ಬಂದು ಅಪ್ಪನ ಎದುರು ವಿದ್ಯಾರ್ಥಿಯಾಗಿ ಕೂತುಕೊಳ್ಳುತ್ತೀರಾ, ಕೊಡಬೇಕಾದದ್ದು ಕೊಡುತ್ತೇನೆ ಎಂದು.

ಪಂಡಿತರು ಕೋಟು ತೊಟ್ಟು ಕಾಯುತ್ತಿದ್ದರು. ನಲವತ್ತು ದಾಟಿದ ನಾವಿಬ್ಬರು ಕೆಳಗೆ ಚಕ್ಕಳಮಕ್ಕಳ ಹಾಕಿ ಕೂತೆವು. ಸಂಧಿಯ ಪಾಠ. ಒಂದು ಸೂತ್ರವೂ ತಪ್ಪಲಿಲ್ಲ. ನನ್ನತ್ತ ಬೆರಳು ತೋರಿಸಿ ‘ಮಳೆಗಾಲ’ ಯಾವ ಸಂಧಿ ಎಂದರು. ಲೋಪಸಂಧಿ ಎಂದುಬಿಟ್ಟೆ.

“ಆದೇಶ. ನಿಂತ್ಕೊ” ಎಂದರು.

ನಿಂತೆ. ಪಾಠ ಮುಗಿಯುವವರೆಗೂ ನಿಂತೇ ಇದ್ದೆ. ಮಗಳ ಹೆಸರು ಹೋದ ತಲೆಯಲ್ಲಿ ಆದೇಶಸಂಧಿ ಹೇಗೆ ಉಳಿಯಿತೆಂಬುದೇ ನನ್ನ ಯೋಚನೆ. ಆಕೆ ಅಡುಗೆಮನೆಯ ಬಾಗಿಲಲ್ಲಿ ನಿಂತು ತಂದೆಯನ್ನೇ ನೋಡುತ್ತಿದ್ದರು.

ವಾಪಸು ಬರುವಾಗ, ಇದಕ್ಕೆ ದುಡ್ಡು ತೆಗೆದುಕೊಳ್ಳುವುದು ಮುಜುಗರವಲ್ಲವೇ ಎಂದು ಕೇಳಿದೆ.

“ತಗೊಳ್ತೇನೆ. ತಗೊಳ್ಳದಿದ್ರೆ ಒಂದು ವಾರ ತಪ್ಪಿಸಬಹುದು ಅಂತ ಆಗ್ತದೆ” ಎಂದರು.

ಆಮೇಲೆ ನಾನೂ ಆಗಾಗ ಹೋದೆ. ಬೇಸಿಗೆಗೆ ಮುಂಚೆ ಪಂಡಿತರನ್ನು ಮೈಸೂರಿನ ಮಗನ ಮನೆಗೆ ಕಳಿಸುವುದೆಂದು ತೀರ್ಮಾನವಾಯಿತು. ಕೊನೆಯ ತರಗತಿಯ ದಿನ ಅವರು ನನ್ನ ಗೆಳೆಯರನ್ನು ಹತ್ತಿರ ಕರೆದು, ಮುಂದೆ ಏನಾಗಬೇಕೆಂದಿದ್ದೀಯ ಎಂದು ವಿಚಾರಿಸಿದರು.

“ಮೇಷ್ಟ್ರಾಗ್ತೇನೆ ಸರ್.”

ಪಂಡಿತರು ಅವರ ಮುಖ ನೋಡಿದರು. “ಬೇಡಪ್ಪ. ಜಾಣ ಇದ್ದೀಯ. ಬೇರೆ ಏನಾದ್ರೂ ಓದು” ಎಂದರು.

ಗೆಳೆಯರು ‘ಆಗಲಿ ಸರ್’ ಎಂದು ಬಗ್ಗಿ ಅವರ ಕಾಲು ಮುಟ್ಟಿದರು.