ಎಲ್ಲರನ್ನೂ ಮುಂದೆ ಬಿಟ್ಟ ಕಾಕಾ

"ನೀವು ಮುಂದ ಹೋಗ್ರಿ, ನನಗೇನ್ ಅವಸರಿಲ್ಲ" ಎಂದು ಜಾಂಬೋಟಿಯಿಂದ ಬಂದಿದ್ದ ಕಾಕಾ ಐದನೆಯವರಿಗೂ ದಾರಿ ಬಿಟ್ಟರು. ಖಾನಾಪುರದ ರಕ್ತದಾನ ಶಿಬಿರದಲ್ಲಿ ಯಾರು ಎಷ್ಟು ಹೊತ್ತು ಕಾಯುತ್ತಾರೆಂದು ಬರೆದುಕೊಳ್ಳುವುದು ನನ್ನ ಕೆಲಸ. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವಳು ನಾನೊಬ್ಬಳೇ, ಬೆಳಗಾವಿಯಲ್ಲಿ ಎಂ.ಎಸ್ಸಿ. ಮಾಡುವಾಗ ಕ್ಯೂಯಿಂಗ್ ಥಿಯರಿ, ಅಂದರೆ ಸರದಿ ಸಾಲಿನ ಗಣಿತ ಓದಿದ್ದೇನೆ. ಹಾಸಿಗೆ ಹೆಚ್ಚಿಸಿದರೆ ಸಾಲು ಕರಗುತ್ತದೆ ಎಂಬುದು ನನ್ನ ಲೆಕ್ಕ. ಆದರೆ ಹಾಸಿಗೆಗಳು ಖಾಲಿ ಇದ್ದವು, ಸಾಲು ಅರ್ಜಿ ತುಂಬುವ ಮೇಜಿನ ಮುಂದೆಯೇ ನಿಂತಿತ್ತು. ಎಲ್ಲರಿಗಿಂತ ಮೊದಲು ಬಂದ ಕಾಕಾ ಕೊನೆಗೆ ಬಸ್ಸಿನ ಹೊತ್ತಾಯಿತೆಂದು ಚಪ್ಪಲಿ ಮೆಟ್ಟಿದರು.

ಅವರ ಕೈಯಲ್ಲಿದ್ದ ಖಾಲಿ ಅರ್ಜಿ ಕಂಡಾಗ ನನಗೆ ತಿಳಿಯಿತು. ಓದಲು ಬಾರದ ನನ್ನಪ್ಪನೂ ಬ್ಯಾಂಕಿನಲ್ಲಿ ಹೀಗೇ ಎಲ್ಲರನ್ನೂ ಮುಂದೆ ಬಿಡುತ್ತಿದ್ದ.

"ಕುಂದರ್ರಿ ಕಾಕಾ, ನೀವ್ ಹೇಳ್ರಿ, ನಾ ಬರೀತೀನಿ" ಎಂದೆ.

"ಮಗಳ ಹೆರಿಗ್ಯಾಗ ಯಾರೋ ಪುಣ್ಯಾತ್ಮರು ರಕ್ತ ಕೊಟ್ಟಾರವಾ. ನಾ ಒಂದ ಕಾಗದಕ್ಕ ಅಂಜಿ ಹೊಂಟ ಬಿಟ್ಟಿದ್ನಿ ನೋಡು!" ಎಂದು ನಕ್ಕು, ಅರ್ಜಿ ಬರೆಸಿ, ಅಂಗಿಯ ತೋಳು ಮಡಚುತ್ತಾ ಹಾಸಿಗೆಯತ್ತ ನಡೆದರು.

ಈಗ ಪ್ರತಿ ಶಿಬಿರದಲ್ಲೂ ಆ ಮೇಜಿನ ಬಳಿ ಬರೆದುಕೊಡಲು ನಾನೇ ಕೂರುತ್ತೇನೆ. ಅವಸರ ಮಾಡುವವರು ತಾವೇ ಬರುತ್ತಾರೆ. ಎಲ್ಲರನ್ನೂ ಮುಂದೆ ಬಿಡುವವರನ್ನು ಮಾತ್ರ ನಾನೇ ಎದ್ದು ಹೋಗಿ ಕರೆತರುತ್ತೇನೆ.