ಸಾಕು, ಇಳೀರಿ

ನಮ್ಮ ಅತ್ತಿಗೆಯ ಕೆಲಸ ಏನು ಅಂತ ಯಾರಾದರೂ ಕೇಳಿದರೆ ನಾನು "ಭಯಪಡೋದು" ಅನ್ನುತ್ತಿದ್ದೆ. ಸಂಬಳ ಕೊಡುವವರ ಪ್ರಕಾರ ಅವಳು ಟವರಿನ ಬುಡದ ಕೋಣೆಯಲ್ಲಿ ಕೂತು ಕಂಪ್ಯೂಟರಿನಲ್ಲಿ ಸಿಗ್ನಲ್ ಓದುವವಳು. ಟವರಿನ ಮೇಲಿರುವವನು ಅವಳ ಗಂಡ, ಅಂದರೆ ನನ್ನ ಅಣ್ಣ. ಇಬ್ಬರನ್ನೂ ಸಾಮಾನು ಸಮೇತ ವ್ಯಾನಿನಲ್ಲಿ ಬೆಟ್ಟ ಹತ್ತಿಸುವವಳು ನಾನು. ಒಂದೇ ಮನೆಯ ಮೂವರು ಒಂದೇ ಕಂಪನಿಯಲ್ಲಿದ್ದರೆ ಊಟಕ್ಕೆ ಕೂತಾಗಲೂ ನಟ್ಟು ಬೋಲ್ಟಿನ ಮಾತೇ.

ನಮ್ಮ ಕಂಪನಿ ಹೊಸ ಟವರು ಕಟ್ಟುವುದಿಲ್ಲ. ಹಿಂದೆ ಟೆಲಿಫೋನಿನವರು ಬೆಟ್ಟದಿಂದ ಬೆಟ್ಟಕ್ಕೆ ಕರೆ ದಾಟಿಸಲು ನಿಲ್ಲಿಸಿ, ನೆಲದಡಿ ಕೇಬಲ್ ಬಂದ ಮೇಲೆ ಬಿಟ್ಟುಹೋದ ಮೈಕ್ರೋವೇವ್ ಟವರುಗಳಿವೆಯಲ್ಲ, ಅವನ್ನು ಬಾಡಿಗೆಗೆ ಹಿಡಿದು, ತುದಿಗೆ ಪುಟ್ಟದೊಂದು ಡಿಶ್ ಕಟ್ಟಿ ಸುತ್ತಲಿನ ಹಳ್ಳಿಗಳಿಗೆ ಇಂಟರ್ನೆಟ್ ಕೊಡುತ್ತದೆ. ಹಳೆಯ ಡಿಶ್‌ಗಳು, ಒಂದೊಂದೂ ನೀರಿನ ಟ್ಯಾಂಕಿನಷ್ಟು ದೊಡ್ಡವು, ತುಕ್ಕು ತಿನ್ನುತ್ತಾ ಇನ್ನೂ ಅಲ್ಲೇ ಇವೆ. ಅವುಗಳ ಪಕ್ಕದಲ್ಲೇ ಅಣ್ಣ ನುಸುಳಿಕೊಂಡು ಹೋಗಬೇಕು. ಅವನ ಹಿಡಿತ ನೋಡಿ ಜೊತೆಯವರು ಅವನನ್ನು ಉಡ ಅಂತಲೇ ಕರೆಯುತ್ತಾರೆ.

ಹೋದ ವರ್ಷ ಆ ಉಡದ ಕಾಲು ಏಣಿಯ ಮೇಲೆ ಜಾರಿತು. ಸೊಂಟಕ್ಕೆ ಬಿಗಿದಿದ್ದ ಬೆಲ್ಟ್ ಹಿಡಿದು ನಿಲ್ಲಿಸಿತು. ಒಂದಿಷ್ಟು ಹೊತ್ತು ತೂಗಾಡಿ, ನಗುತ್ತಾ ಇಳಿದುಬಂದ. ಅತ್ತಿಗೆ ನಗಲಿಲ್ಲ. ಅಂದಿನಿಂದ ಅವನು ಮೇಲಿರುವಷ್ಟು ಹೊತ್ತು ಅವಳ ಗಂಟಲಲ್ಲಿ ಗುಟುಕು ನೀರೂ ಇಳಿಯುವುದಿಲ್ಲ. ಬೇರೆ ಕೆಲಸ ನೋಡಿ ಅಂದರೆ ಅವನು ಕಿವಿಗೇ ಹಾಕಿಕೊಳ್ಳುವುದಿಲ್ಲ. ನನಗೋ, ಅವಳನ್ನು ಕಂಡರೆ ಮೈ ಉರಿಯುತ್ತಿತ್ತು. ತಾನು ಹೆದರುವುದಲ್ಲದೆ ನಮ್ಮನ್ನೂ ಹೆದರಿಸುತ್ತಾಳಲ್ಲ ಅಂತ.

ಹೀಗಿರುವಾಗ ಕಣಿವೆಯಾಚೆಯ ಸಣ್ಣ ಆಸ್ಪತ್ರೆಗೆ ಲಿಂಕ್ ಕೊಡುವ ಕೆಲಸ ಬಂತು. ಅಲ್ಲಿ ಡಾಕ್ಟರಿಲ್ಲ, ಒಬ್ಬರೇ ನರ್ಸಮ್ಮ. ದೂರದ ಡಾಕ್ಟರು ಪರದೆಯ ಮೇಲೆ ಬಂದು ಹೇಳಿದಂತೆ ಅವರು ಚಿಕಿತ್ಸೆ ಕೊಡಬೇಕು.

ಡಿಶ್ ಕೂರಿಸುವುದೆಂದರೆ ಮೇಲಿನವನು ಅದನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಹೋಗುತ್ತಾನೆ, ಸಿಗ್ನಲ್ ಏರಿತೋ ಇಳಿಯಿತೋ ಕೆಳಗಿನವಳು ವಾಕಿಟಾಕಿಯಲ್ಲಿ ಹೇಳುತ್ತಾಳೆ. ಇದರಲ್ಲೊಂದು ಮೋಸವಿದೆ. ಸಿಗ್ನಲಿನ ನಿಜವಾದ ತುದಿ, ಅಂದರೆ ಅದು ಎಲ್ಲಕ್ಕಿಂತ ಜೋರಾಗಿ ಬರುವ ಜಾಗ, ಸಿಗುವ ಮೊದಲು ಒಂದು ಸುಳ್ಳು ತುದಿ ಬರುತ್ತದೆ. ಸಿಗ್ನಲ್ ಏರುತ್ತದೆ, ಮತ್ತೆ ಇಳಿಯುತ್ತದೆ, ಸಿಕ್ಕೇಬಿಟ್ಟಿತು ಅನ್ನಿಸುತ್ತದೆ. ಅದನ್ನು ದಾಟಿ ಇನ್ನೂ ತಿರುಗಿಸಿದರೆ ಮಾತ್ರ ನಿಜವಾದದ್ದು. ಸುಳ್ಳು ತುದಿಯಲ್ಲಿ ಬಿಗಿದ ಡಿಶ್ ಬಿಸಿಲಿರುವಾಗ ಚೆನ್ನಾಗಿಯೇ ನಡೆಯುತ್ತದೆ, ಜೋರು ಮಳೆ ಬಂದ ದಿನ ಕೈಕೊಡುತ್ತದೆ.

ಆ ದಿನ ಕೆಲಸದ ನಡುವೆ ಗಾಳಿ ಎದ್ದಿತು. ನಾನು ಕೋಣೆಯ ಬಾಗಿಲಲ್ಲಿ ನಿಂತು ಕತ್ತೆತ್ತಿ ನೋಡುತ್ತಿದ್ದೆ. ಮೇಲೆಲ್ಲೋ ಕಬ್ಬಿಣ ಕಿರುಗುಟ್ಟುತ್ತಿತ್ತು. "ಎಷ್ಟು ಬಂತೇ?" ಅಂತ ಅಣ್ಣನ ದನಿ.

"ಸಿಕ್ತು ರೀ. ಸಾಕು, ಇಳೀರಿ," ಅಂದಳು ಅತ್ತಿಗೆ.

ಅವನು ಬೋಲ್ಟ್ ಬಿಗಿದು ಇಳಿದ. ಮನೆಗೆ ಬರುವ ದಾರಿಯುದ್ದಕ್ಕೂ ಅತ್ತಿಗೆ ಎಂದೂ ಇಲ್ಲದಷ್ಟು ಮಾತಾಡಿದಳು.

ಮೊದಲ ದೊಡ್ಡ ಮಳೆಗೇ ನರ್ಸಮ್ಮನ ಫೋನು ಬಂತು. "ಮಗು ಫಿಟ್ಸ್ ಬಂದು ಒದ್ದಾಡ್ತಿತ್ತು. ಔಷಧಿ ಎಷ್ಟು ಕೊಡ್ಬೇಕು ಅಂತ ಡಾಕ್ಟರು ಹೇಳ್ತಾ ಇದ್ದ ಹಾಗೇ ಪರದೆ ಕಪ್ಪಾಗೋಯ್ತು. ದೇವರ ಮೇಲೆ ಭಾರ ಹಾಕಿ ಕೊಟ್ಟೆ. ಏನ್ ಕೆಲಸ ಮಾಡ್ತೀರಮ್ಮಾ ನೀವು?" ಮಗು ಹೇಗೋ ಉಳಿದುಕೊಂಡಿತ್ತು. ಅತ್ತಿಗೆ ಫೋನಿಟ್ಟು, ಗೋಡೆ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟಳು.

ಮರುದಿನ ಬೆಟ್ಟ ಹತ್ತಿದಾಗ ಮಳೆ ನಿಂತಿತ್ತು, ಗಾಳಿ ನಿಂತಿರಲಿಲ್ಲ. ಇನ್ನೊಂದು ಮಳೆಗೆ ಮೋಡ ಕಟ್ಟುತ್ತಿತ್ತು. ಅಣ್ಣ ಬೆಲ್ಟ್ ಬಿಗಿಯುತ್ತಿದ್ದಾಗ ಅತ್ತಿಗೆ ಅವನೆದುರು ಹೋಗಿ ನಿಂತಳು.

"ರೀ, ಅವತ್ತು ಸಿಕ್ಕಿರ್ಲಿಲ್ಲ. ಅದು ಸುಳ್ಳು ತುದಿ ಅಂತ ನಂಗೆ ಗೊತ್ತಿತ್ತು. ನೀವು ಬೇಗ ಇಳೀಲಿ ಅಂತ ಹಾಗಂದೆ."

ಅಣ್ಣ ಕೂಗಾಡುವವನಲ್ಲ. ಕೂಗಾಡಿದ್ದರೇ ಚೆನ್ನಾಗಿತ್ತು. "ಮೇಲೆ ನಿಂತೋನಿಗೆ ಕೆಳಗಿರೋರ ಮಾತೇ ಕಣ್ಣು ಕಣೇ," ಅಂದ. "ಒಣಗಿದ್ದಾಗ ಮುಗಿಸ್ಬಹುದಿತ್ತು. ಈಗ ನೆಂದಿರೋ ಏಣಿ ಹತ್ಬೇಕು." ವಾಕಿಟಾಕಿಯನ್ನು ನನ್ನ ಕೈಗೆ ಕೊಟ್ಟು, "ಇವತ್ತು ನೀನು ಓದು," ಅಂತ ಹೇಳಿ ಹತ್ತತೊಡಗಿದ.

ನಾನು ಬೀಗಿಕೊಂಡೇ ಕುರ್ಚಿಯಲ್ಲಿ ಕೂತೆ. ಕೆಲಸ ಅಂದರೆ ಹೇಗೆ ಮಾಡಬೇಕು ಅಂತ ಇವಳಿಗೆ ತೋರಿಸುತ್ತೇನೆ ಅಂದುಕೊಂಡೆ. ಅತ್ತಿಗೆ ನನ್ನ ಹಿಂದೆ ಗೋಡೆಗೊರಗಿ ನಿಂತಳು. ಮೇಲಿಂದ ಏದುಸಿರು ಕೇಳುತ್ತಿತ್ತು. ಅವನು ಡಿಶ್ ಸಡಿಲಿಸಿ ತಿರುಗಿಸತೊಡಗಿದ. ಸಿಗ್ನಲ್ ಏರಿತು, ಇನ್ನೂ ಏರಿತು, ಇಳಿಯಿತು. ಸುಳ್ಳು ತುದಿ.

ಅಷ್ಟರಲ್ಲಿ ಗಾಳಿ ಬಂದು ಟವರಿಗೆ ಅಪ್ಪಳಿಸಿತು. ಹಳೆಯ ಡಿಶ್ಶಿನ ತಗಡೊಂದು ಕಿತ್ತುಕೊಂಡು, ಕಬ್ಬಿಣಕ್ಕೆ ಬಡಿಯುತ್ತಾ ಬಡಿಯುತ್ತಾ ಬಂದು ಕಿಟಕಿಯಾಚೆ ಬಿತ್ತು. ವಾಕಿಟಾಕಿಯಲ್ಲಿ "ಅಮ್ಮಾ" ಅಂದದ್ದು ಕೇಳಿಸಿತು. ಆಮೇಲೆ ಸದ್ದೇ ಇಲ್ಲ. ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಕೊನೆಗೆ, "ಏನೂ ಆಗಿಲ್ಲ. ಎಷ್ಟು ಬಂತು? ಬೇಗ ಹೇಳೇ, ಕೈ ಮರಗಟ್ತಿದೆ," ಅಂದ.

ಸುಳ್ಳು ತುದಿ ಅಂದರೇನು ಅಂತ ಗೊತ್ತು. ಮಗುವಿನ ವಿಷಯವೂ ಗೊತ್ತು. ಆದರೂ ವಾಕಿಟಾಕಿಯ ಗುಂಡಿ ಒತ್ತಿದೆ. "ಸಾ..." ಅನ್ನುವಷ್ಟರಲ್ಲಿ ಅತ್ತಿಗೆ ಅದನ್ನು ಕಿತ್ತುಕೊಂಡಳು.

"ಇನ್ನೂ ಬಂದಿಲ್ಲ ರೀ. ತಿರುಗಿಸಿ."

ಗಾಳಿಯ ಸದ್ದಿನ ನಡುವೆ ಅವನು ಅವಳಿಗೆ ಹೇಳಿದ, "ಅದನ್ನ ಮತ್ತೆ ತಂಗಿ ಕೈಗೆ ಕೊಡ್ಬೇಡ ಕಣೇ. ನೀನೇ ಹೇಳು."

ಸಿಗ್ನಲ್ ಇಳಿಯಿತು, ಪೂರ್ತಿ ಇಳಿಯಿತು. "ಇಳೀತಿದೆ. ತಿರುಗಿಸ್ತಾ ಇರಿ," ಅಂದಳು ಅತ್ತಿಗೆ. ಹನಿ ಬೀಳಲು ಶುರುವಾಯಿತು. "ತಿರುಗಿಸ್ತಾ ಇರಿ." ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ, ದನಿ ಮಾತ್ರ ಮನೆಯಲ್ಲಿ ಮಾತಾಡುವಂತೆ ಇತ್ತು. ಸಿಗ್ನಲ್ ಮತ್ತೆ ಮೇಲೇಳತೊಡಗಿತು. ಹಿಂದಿನದನ್ನು ದಾಟಿತು, ಇನ್ನೂ ಮೇಲೆ ಹೋಯಿತು.

"ಬಂತು. ಈಗ ಬಿಗೀರಿ."

ಒದ್ದೆ ಕೈಯಲ್ಲಿ ಬಿಗಿಯುವುದಕ್ಕೆ ಅವನಿಗೆ ಬಹಳ ಹೊತ್ತು ಹಿಡಿಯಿತು. ಅತ್ತಿಗೆ ಒಂದು ಕೈಯಲ್ಲಿ ವಾಕಿಟಾಕಿ, ಇನ್ನೊಂದು ಕೈಯಲ್ಲಿ ನನ್ನ ಮುಂಗೈ ಹಿಡಿದುಕೊಂಡು ಕಿಟಕಿಯ ಕಡೆ ನೋಡುತ್ತಿದ್ದಳು. ಇಬ್ಬರಲ್ಲಿ ಜೋರಾಗಿ ನಡುಗುತ್ತಿದ್ದವಳು ನಾನು.